ಅಂತರ್ಜಲದ ಮೂಲ, ಅದರ ವಯಸ್ಸು ಮತ್ತು ಅದನ್ನು ಅಳೆಯುವ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರ್ಜಲದ ಸಮಸ್ಥಾನಿಗಳನ್ನು, ಅಂದರೆ ಐಸೋಟೋಪುಗಳನ್ನು, ಅಳೆಯುವುದು ನನ್ನ ಕೆಲಸ. ಮಾದರಿ ಹಿಡಿಯಲು ಹೋದ ಹೊಲಗಳಲ್ಲಿ, ಕಾಲೇಜುಗಳ ಉಪನ್ಯಾಸದ ಕೊನೆಯಲ್ಲಿ, ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಕೊನೆಗೆ.

## ಮೊದಲ ಪರಿಚಯ

ನೀರು ಅಂದರೆ ನೀರೇ ತಾನೆ, ಒಂದು ನೀರನ್ನು ಇನ್ನೊಂದರಿಂದ ಹೇಗೆ ಗುರುತು ಹಿಡಿಯುತ್ತೀರಿ?

ನೀರಿನ ಅಣುವಿನಲ್ಲಿರುವ ಆಮ್ಲಜನಕ ಮತ್ತು ಜಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಒಂದೇ ಧಾತುವಿನ ಹೀಗೆ ಬೇರೆ ಬೇರೆ ತೂಕದ ಪರಮಾಣುಗಳೇ ಸಮಸ್ಥಾನಿಗಳು. ಆಮ್ಲಜನಕದ ಬಹುಪಾಲು ಪರಮಾಣುಗಳ ತೂಕ 16 ಆದರೂ ಸಮುದ್ರದ ನೀರಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 2000 ಪರಮಾಣುಗಳು 18ರ ತೂಕದವು. ಜಲಜನಕದಲ್ಲಿಯೂ ಹತ್ತು ಲಕ್ಷಕ್ಕೆ ಸುಮಾರು 156ರಷ್ಟು ದುಪ್ಪಟ್ಟು ತೂಕದ ಡ್ಯೂಟೀರಿಯಂ ಇದೆ. ನೀರು ಆವಿಯಾಗುವಾಗ ಹಗುರ ಅಣುಗಳು ಹೆಚ್ಚು ಸಲೀಸಾಗಿ ಮೇಲೇಳುತ್ತವೆ. ಮೋಡ ಮಳೆಯಾಗುವಾಗ ಭಾರದ ಅಣುಗಳು ಮುಂಚಿತವಾಗಿ ಉದುರುತ್ತವೆ. ಹೀಗಾಗಿ ಕರಾವಳಿಯಲ್ಲಿ ಸುರಿದ ಮಳೆಗೂ ಘಟ್ಟ ದಾಟಿ ಬಂದ ಮಳೆಗೂ, ಬೇಸಿಗೆಯುದ್ದಕ್ಕೂ ಕೆರೆಯಲ್ಲಿ ಬಿಸಿಲು ಕಂಡ ನೀರಿಗೂ ನೇರವಾಗಿ ನೆಲಕ್ಕಿಳಿದ ನೀರಿಗೂ ಈ ಅನುಪಾತದಲ್ಲಿ ಸಣ್ಣದಾದರೂ ಅಳೆಯಬಹುದಾದ ವ್ಯತ್ಯಾಸ ಉಳಿಯುತ್ತದೆ. ಅದನ್ನು ಸಮುದ್ರದ ನೀರನ್ನು ಆಧರಿಸಿದ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೋಲಿಸಿ, ಸಾವಿರಕ್ಕೆ ಇಷ್ಟು ಹೆಚ್ಚು ಅಥವಾ ಕಡಿಮೆ ಎಂದು ಬರೆಯುತ್ತೇವೆ. ಅದೇ ಡೆಲ್ಟಾ ಮೌಲ್ಯ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಒಂದೇ ಬಾಟಲಿ ನೀರಿನ ಡೆಲ್ಟಾ ಮೌಲ್ಯ ತಾನಾಗಿ ಏನನ್ನೂ ಹೇಳುವುದಿಲ್ಲ. ಆ ಊರಿನ ಮಳೆ, ಕೆರೆ, ಪಕ್ಕದ ಬಾವಿಗಳ ಮೌಲ್ಯಗಳು ಜೊತೆಗಿದ್ದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ನಮ್ಮ ಬೋರಿನ ನೀರಿಗೆ ಎಷ್ಟು ವಯಸ್ಸು ಅಂತ ಹೇಳೋಕೆ ಆಗುತ್ತಾ ಮೇಡಂ?

ಸ್ವಲ್ಪಮಟ್ಟಿಗೆ ಹೇಳಬಹುದು. ಮಳೆ ನೀರು ಗಾಳಿಯ ಸಂಪರ್ಕ ಕಳೆದುಕೊಂಡು ನೆಲದೊಳಗೆ ಸೇರಿದ ಮೇಲೆ ಕಳೆದ ಕಾಲವನ್ನು ನಾವು ನೀರಿನ ವಯಸ್ಸು ಎನ್ನುತ್ತೇವೆ. ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಂ 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ, ಕಾರ್ಬನ್-14 ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ. ಬೋರಿನ ನೀರಿನಲ್ಲಿ ಟ್ರಿಟಿಯಂ ಸ್ಪಷ್ಟವಾಗಿ ಕಂಡರೆ ಅದರಲ್ಲಿ ಕೆಲವು ಪಾಲಾದರೂ ಕಳೆದ ಕೆಲವು ದಶಕಗಳ ಮಳೆಯದು. ಏನೂ ಕಾಣದಿದ್ದರೆ ಅದು 1950ರ ದಶಕಕ್ಕಿಂತ ಹಿಂದಿನದು. ಸಾವಿರಾರು ವರ್ಷಗಳ ಲೆಕ್ಕಕ್ಕೆ ಕಾರ್ಬನ್ ಬೇಕು.

ಈ ವಯಸ್ಸಿನಿಂದ ರೈತನಿಗೆ ಏನು ತಿಳಿಯುತ್ತದೆ ಎಂಬುದೇ ಮುಖ್ಯ. ಎಳೆಯ ನೀರಿನ ಬಾವಿ ಒಳ್ಳೆಯ ಮಳೆಗಾಲದಲ್ಲಿ ತುಂಬಿಕೊಳ್ಳುತ್ತದೆ, ಬರದ ವರ್ಷ ಮೊದಲು ಕೈಕೊಡುವುದೂ ಅದೇ. ಹಳೆಯ ನೀರಿನ ಬಾವಿ ಒಂದೆರಡು ಬರಕ್ಕೆ ಜಗ್ಗುವುದಿಲ್ಲ. ಆದರೆ ಅಲ್ಲಿಂದ ಎತ್ತಿದ ನೀರು ಎತ್ತಿದವರ ಜೀವಮಾನದಲ್ಲಿ ಹಿಂದಿರುಗುವುದಿಲ್ಲ.

ಇದರಲ್ಲಿ ವಿಕಿರಣ ಇದೆ ಅಂತೀರಿ, ಕುಡಿದರೆ ಏನಾದರೂ ಆಗುತ್ತಾ?

ಆಮ್ಲಜನಕ-18 ಮತ್ತು ಡ್ಯೂಟೀರಿಯಂ ವಿಕಿರಣಶೀಲವಲ್ಲ. ಮಳೆಯಲ್ಲಿರುವ ಟ್ರಿಟಿಯಂ ಅತ್ಯಲ್ಪ: ನಾವು ಬಳಸುವ ಒಂದು ಟ್ರಿಟಿಯಂ ಏಕಮಾನವೆಂದರೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ಜಲಜನಕ ಪರಮಾಣುಗಳ ನಡುವೆ ಒಂದೇ ಒಂದು ಟ್ರಿಟಿಯಂ ಪರಮಾಣು. ಅದರ ಬಗ್ಗೆ ಅಂಜಬೇಕಿಲ್ಲ. ಗ್ರಾನೈಟ್ ಪ್ರದೇಶದ ಆಳವಾದ ಕೊಳವೆಬಾವಿಗಳಲ್ಲಿ ಕರಗಿರಬಹುದಾದ ಯುರೇನಿಯಂ ಮಾತ್ರ ಬೇರೆಯೇ ವಿಷಯ. ಕೋಲಾರದ ಸುತ್ತಮುತ್ತಲಿನಂತಹ ಪೂರ್ವ ಕರ್ನಾಟಕದ ಕೆಲವು ಭಾಗಗಳಲ್ಲಿ ಅದು ಕಂಡುಬಂದಿದೆ. ಅದರ ವಿಕಿರಣಕ್ಕಿಂತ, ರಾಸಾಯನಿಕವಾಗಿ ಮೂತ್ರಪಿಂಡಕ್ಕೆ ಆಗುವ ಹಾನಿಯೇ ಹೆಚ್ಚಿನ ಚಿಂತೆಯದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕುಡಿಯಲು ಬಳಸುವ ಆಳದ ಬೋರಿನ ನೀರನ್ನು ಒಮ್ಮೆಯಾದರೂ ಇದಕ್ಕಾಗಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹಾಗಾದರೆ ಬೋರ್ ಹಾಕಿಸಲು ಪಾಯಿಂಟ್ ತೋರಿಸಿಕೊಡಿ.

ಹಳ್ಳಿಗಳಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು, ಮತ್ತು ಪ್ರತಿ ಸಲವೂ ಇಲ್ಲವೆಂದೇ ಹೇಳಬೇಕಾಗಿದೆ. ಸಮಸ್ಥಾನಿಗಳು ನೀರು ಎಲ್ಲಿದೆ ಎಂದು ತೋರಿಸುವುದಿಲ್ಲ. ಸಿಕ್ಕಿದ ನೀರು ಎಲ್ಲಿಂದ ಬಂತು, ಯಾವಾಗ ಬಂತು ಎಂದಷ್ಟೇ ಹೇಳುತ್ತವೆ. ಜಾಗ ಹುಡುಕಲು ನೆಲದ ವಿದ್ಯುತ್ ರೋಧವನ್ನು ಅಳೆಯುವ ಭೂಭೌತ ವಿಧಾನವಿದೆ. ಅದು ಕೂಡ ಬಂಡೆಯೊಳಗಿನ ಬಿರುಕನ್ನು, ಕೊರೆಯುವವರ ಮಾತಿನಲ್ಲಿ ಗ್ಯಾಪನ್ನು, ಖಚಿತವಾಗಿ ತೋರಿಸುತ್ತದೆಂದು ಯಾರೂ ಭರವಸೆ ಕೊಡಲಾರರು.

ಈ ವಿದ್ಯೆಯನ್ನು ಮೊದಲು ಯಾರು ಶುರು ಮಾಡಿದರು?

ಒಬ್ಬರಲ್ಲ. ಡ್ಯೂಟೀರಿಯಂ ಅನ್ನು 1931ರಲ್ಲಿ ಹೆರಾಲ್ಡ್ ಯೂರಿ ಕಂಡುಹಿಡಿದರು. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ 1952ರ ಜೂನ್‌ನಲ್ಲಿ ಕೋಪನ್‌ಹೇಗನ್ನಿನ ತಮ್ಮ ಮನೆಯ ಹಿತ್ತಲಲ್ಲಿ ಒಂದು ಬಿಯರ್ ಬಾಟಲಿಗೆ ಆಲಿಕೆ ಸಿಕ್ಕಿಸಿ ಮಳೆ ನೀರು ಹಿಡಿದರು. ಒಂದೇ ಮಳೆಯೊಳಗೆ ಹೊತ್ತು ಕಳೆದಂತೆ ಆಮ್ಲಜನಕ-18ರ ಪ್ರಮಾಣ ಬದಲಾಗುವುದನ್ನು ಅಲ್ಲಿ ಕಂಡ ಅವರು, ಮುಂದೆ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಿಂದ ಪ್ರಾಚೀನ ಹವಾಮಾನವನ್ನು ಓದುವವರೆಗೆ ಆ ಎಳೆಯನ್ನು ಬಿಡಲಿಲ್ಲ. ಯೂರಿಯವರ ಶಿಷ್ಯರಾದ ಹಾರ್ಮನ್ ಕ್ರೇಗ್ ಜಗತ್ತಿನ ಬೇರೆ ಬೇರೆ ಕಡೆಯ ಸುಮಾರು 400 ನದಿ, ಸರೋವರ, ಮಳೆ ಮತ್ತು ಹಿಮದ ಮಾದರಿಗಳನ್ನು ಅಳೆದು, ಆಮ್ಲಜನಕ-18ರ ಡೆಲ್ಟಾ ಮೌಲ್ಯವನ್ನು 8ರಿಂದ ಗುಣಿಸಿ 10 ಕೂಡಿಸಿದರೆ ಡ್ಯೂಟೀರಿಯಂನ ಡೆಲ್ಟಾ ಮೌಲ್ಯ ಬರುತ್ತದೆಂದು 1961ರಲ್ಲಿ ತೋರಿಸಿದರು. ಮಳೆನೀರಿನ ಈ ಜಾಗತಿಕ ರೇಖೆ ಇಂದಿಗೂ ನಮ್ಮ ಕೆಲಸದ ಮೊದಲ ನಕ್ಷೆ. ಅದೇ ವರ್ಷಗಳಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ವಿಶ್ವ ಹವಾಮಾನ ಸಂಸ್ಥೆಯೊಡನೆ ಸೇರಿ ದೇಶದೇಶಗಳ ಮಳೆನೀರನ್ನು ಅಳೆಯುವ ಜಾಲವನ್ನು ಕಟ್ಟಿತು. ಅಂತರ್ಜಲಕ್ಕೆ ಕಾರ್ಬನ್-14ರ ಕಾಲಗಣನೆಯನ್ನು 1957ರಲ್ಲಿ ಮೊದಲು ಅನ್ವಯಿಸಿದವರು ಹೈಡೆಲ್‌ಬರ್ಗಿನ ಮ್ಯೂನಿಕ್.

ಭಾರತದಲ್ಲಿ ಈ ದಾರಿ ಹಾಕಿದವರು ಯಾರು?

ನನ್ನ ಮಟ್ಟಿಗೆ ಮೊದಲು ಹೇಳಬೇಕಾದ ಹೆಸರು ದೇವೇಂದ್ರ ಲಾಲ್. 1929ರಲ್ಲಿ ವಾರಾಣಸಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬರ್ನಾರ್ಡ್ ಪೀಟರ್ಸ್ ಅವರೊಡನೆ ವಿಶ್ವಕಿರಣಗಳ ಅಧ್ಯಯನದಿಂದ ಕೆಲಸ ಆರಂಭಿಸಿದರು. ವಿಶ್ವಕಿರಣಗಳು ವಾತಾವರಣದ ಅನಿಲಗಳಿಗೆ ಬಡಿದು ಹುಟ್ಟಿಸುವ ವಿರಳ ಸಮಸ್ಥಾನಿಗಳು ಮಳೆಯೊಂದಿಗೆ ಭೂಮಿಗೆ ಇಳಿದು ಸಮುದ್ರ, ಹಿಮ, ಮಣ್ಣು, ಅಂತರ್ಜಲಗಳಲ್ಲಿ ಗಡಿಯಾರದಂತೆ ನಡೆಯುತ್ತವೆ ಎಂಬ ತಿಳಿವಳಿಕೆಯನ್ನು ಬೆಳೆಸಿದವರಲ್ಲಿ ಅವರು ಅಗ್ರಗಣ್ಯರು. ಸಮುದ್ರದ ಸ್ಪಂಜುಗಳಲ್ಲಿ ಸಿಲಿಕಾನ್-32 ಇರುವುದನ್ನು ತಮ್ಮ ಸಂಗಡಿಗರೊಡನೆ ತೋರಿಸಿದ್ದೂ ಅವರೇ. ಅದೇ ಸಿಲಿಕಾನ್-32ರಿಂದ ಅಂತರ್ಜಲದ ವಯಸ್ಸು ತಿಳಿಯುವ ಪ್ರಯತ್ನ 1960ರ ದಶಕದಲ್ಲಿ ಮುಂಬಯಿಯ ಆ ಗುಂಪಿನಿಂದಲೇ ನಡೆಯಿತು. ನೆಲದೊಳಗೆ ಇಳಿಯುವಾಗ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ವಿಧಾನ ನೆಲೆಗೊಳ್ಳಲಿಲ್ಲ. ಆದರೂ ಕೆಲವು ದಶಕಗಳಿಂದ ಸಾವಿರ ವರ್ಷದವರೆಗಿನ ವಯಸ್ಸು ಅಳೆಯಲು ಏನೂ ಇಲ್ಲವೆಂಬ ಕೊರತೆಯನ್ನು ಅವರು ಅಷ್ಟು ಮುಂಚೆ ಗುರುತಿಸಿದ್ದರು. 1972ರಿಂದ 1983ರವರೆಗೆ ಅವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 2012ರಲ್ಲಿ ತೀರಿಕೊಂಡರು.

## ನಮ್ಮ ನೆಲ, ನಮ್ಮ ನೀರು

ಕೆರೆ ತುಂಬಿಸಿದರೆ ಬೋರ್‌ಗಳಿಗೆ ನೀರು ಬರುತ್ತೆ ಅಂತಾರೆ, ಅದು ನಿಜವೇ?

ಬೋರಿನಲ್ಲಿ ನೀರು ಏರಿದ್ದನ್ನು ಕಂಡು ಕೆರೆಯಿಂದಲೇ ಬಂತು ಎನ್ನುವುದು ಸಹಜ, ಆದರೆ ಅದೇ ವರ್ಷ ಮಳೆಯೂ ಚೆನ್ನಾಗಿ ಆಗಿದ್ದರೆ ಯಾವುದರ ಪಾಲು ಎಷ್ಟು ಎಂದು ಮಟ್ಟ ನೋಡಿ ಹೇಳಲಾಗದು. ಇಂಥಲ್ಲಿ ಸಮಸ್ಥಾನಿಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ. ತೆರೆದ ಕೆರೆಯ ನೀರು ಬಿಸಿಲಿಗೆ ಆವಿಯಾದಂತೆ ಉಳಿದ ನೀರು ಭಾರವಾಗುತ್ತದೆ ಮತ್ತು ಕ್ರೇಗ್ ರೇಖೆಯ ಕೆಳಗೆ, ಸಾಮಾನ್ಯವಾಗಿ 4ರಿಂದ 6ರ ಇಳಿಜಾರಿನ ಬೇರೆ ರೇಖೆಯ ಮೇಲೆ ಬೀಳುತ್ತದೆ. ಕೆಳಗಿನ ಅಚ್ಚುಕಟ್ಟಿನ ಬಾವಿಗಳಲ್ಲಿ ಅದೇ ಗುರುತು ಕಂಡರೆ ಕೆರೆಯ ನೀರು ಅಲ್ಲಿಗೆ ತಲುಪಿದೆ. ಮಳೆಯ ಮೌಲ್ಯವೂ ಕೆರೆಯ ಮೌಲ್ಯವೂ ಗೊತ್ತಿದ್ದರೆ ಬಾವಿಯಲ್ಲಿ ಎರಡರ ಪಾಲು ಎಷ್ಟೆಷ್ಟು ಎಂದು ಲೆಕ್ಕ ಹಾಕಬಹುದು.

ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವಾಗ ಈ ಪ್ರಶ್ನೆಗೆ ಇನ್ನಷ್ಟು ತೂಕ ಬಂದಿದೆ. ಯಾವ ಬಾವಿಗೆ ಆ ನೀರು ಸೇರುತ್ತಿದೆ, ಎಷ್ಟು ದೂರ ಹೋಗಿದೆ ಎಂಬುದು ಪ್ರಮಾಣದ ಪ್ರಶ್ನೆಯಷ್ಟೇ ಗುಣಮಟ್ಟದ ಪ್ರಶ್ನೆಯೂ ಹೌದು. ಇಂಥ ಯೋಜನೆಗಳಲ್ಲಿ ನೀರು ಹರಿಸುವ ಮುನ್ನವೇ ಬಾವಿಗಳ ಸಮಸ್ಥಾನಿಗಳನ್ನು ಅಳೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹರಿಸಿದ ಮೇಲೆ ಮೊದಲಿನ ಸ್ಥಿತಿ ಮತ್ತೆ ಸಿಗುವುದಿಲ್ಲ.

ಬೋರಿಗೆ ಸೇರುವುದು ಮುಂಗಾರಿನ ನೀರೋ ಹಿಂಗಾರಿನದೋ?

ದಕ್ಷಿಣ ಭಾರತದಲ್ಲಿ ಹಿಂಗಾರು ಮಳೆ ಮುಂಗಾರಿಗಿಂತ ಆಮ್ಲಜನಕ-18ರಲ್ಲಿ ಹಗುರವಾಗಿರುವುದು ಹಲವು ಅಳತೆಗಳಲ್ಲಿ ಕಂಡಿದೆ, ಹಾಗಾಗಿ ತಾತ್ತ್ವಿಕವಾಗಿ ಇವೆರಡನ್ನು ಬೇರೆ ಮಾಡಬಹುದು. ಆದರೆ ಅವಸರದ ತೀರ್ಮಾನ ಬೇಡ. ಯಾವುದೇ ಕಾಲದಲ್ಲಿ ಜಡಿದು ಸುರಿದ ದೊಡ್ಡ ಮಳೆ ಜಿನುಗು ಮಳೆಗಿಂತ ಹಗುರವಾಗಿರುತ್ತದೆ, ಮತ್ತು ಬೇರಿನ ವಲಯವನ್ನು ದಾಟಿ ಕೆಳಗಿಳಿಯುವುದೂ ಹೆಚ್ಚಾಗಿ ಅಂಥ ದೊಡ್ಡ ಮಳೆಯ ನೀರೇ. ಬಾವಿಯ ನೀರು ಹಗುರವಾಗಿದೆ ಎಂದ ಮಾತ್ರಕ್ಕೆ ಅದು ಹಿಂಗಾರಿನದು ಎಂದರೆ ಈ ಎರಡು ಕಾರಣಗಳನ್ನು ಬೆರೆಸಿದಂತೆ. ಕನಿಷ್ಠ ಎರಡು ಮೂರು ವರ್ಷ ಅದೇ ಊರಿನ ಮಳೆಯನ್ನು ದಿನದಿನವೂ ಹಿಡಿದು ಅಳೆಯದೆ ನಾನು ಉತ್ತರ ಹೇಳುವುದಿಲ್ಲ.

ಸಾವಿರ ಅಡಿಗೆ ಹೋದರೆ ಒಳ್ಳೆ ನೀರು ಸಿಗುತ್ತೆ ಅಲ್ವಾ?

ಈ ನಂಬಿಕೆ ಪಾವಗಡ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಹಳ ಜನರ ಆರೋಗ್ಯವನ್ನು ಕೆಡಿಸಿದೆ. ಆಳದ ಬಿರುಕುಗಳಲ್ಲಿ ನಿಧಾನವಾಗಿ ಸಾಗುವ ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಕಳೆಯುತ್ತದೆ. ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಬಯೋಟೈಟ್, ಅಪಟೈಟ್, ಫ್ಲೂರೈಟ್ ಖನಿಜಗಳಿಂದ ಫ್ಲೋರೈಡ್ ಹೊರಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ; ಕಾಲಕ್ರಮದಲ್ಲಿ ಕ್ಯಾಲ್ಸಿಯಂ ಕಳೆದು ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಾದ ಕ್ಷಾರೀಯ ನೀರಿನಲ್ಲಿ ಆ ತಡೆ ಉಳಿಯುವುದಿಲ್ಲ. ಗಡಸಿಲ್ಲದ, ಸಾಬೂನು ಚೆನ್ನಾಗಿ ನೊರೆ ಬರುವ ನೀರನ್ನು ಜನ ಒಳ್ಳೆಯ ನೀರು ಎಂದುಕೊಳ್ಳುತ್ತಾರೆ, ಆದರೆ ನಮ್ಮ ಬಂಡೆ ನಾಡಿನಲ್ಲಿ ಫ್ಲೋರೈಡಿನ ಸಂಶಯ ಪಡಬೇಕಾದದ್ದು ಅಂಥ ನೀರಿನ ಮೇಲೆಯೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು.

ನೈಟ್ರೇಟ್ ಗೊಬ್ಬರದಿಂದ ಬಂತೋ ಕೊಳಚೆಯಿಂದ ಬಂತೋ ಹೇಳಬಹುದೇ?

ಸಾರಜನಕ-15 ಸಗಣಿ ಗೊಬ್ಬರ ಮತ್ತು ಶೌಚಗುಂಡಿಯ ನೈಟ್ರೇಟಿನಲ್ಲಿ ಹೆಚ್ಚು, ರಾಸಾಯನಿಕ ಗೊಬ್ಬರದ್ದರಲ್ಲಿ ಕಡಿಮೆ. ನೈಟ್ರೇಟಿನ ಆಮ್ಲಜನಕವನ್ನೂ ಜೊತೆಗೆ ಅಳೆದರೆ ಹಲವು ಸಲ ಉತ್ತರ ಸಿಗುತ್ತದೆ. ಆದರೆ ಸಗಣಿಯೂ ಮನುಷ್ಯರ ಮಲವೂ ಒಂದೇ ಬಗೆಯ ಗುರುತು ಕೊಡುವುದರಿಂದ, ತಿಪ್ಪೆ ಮತ್ತು ಶೌಚಗುಂಡಿ ಅಕ್ಕಪಕ್ಕ ಇರುವ ಹಳ್ಳಿಯಲ್ಲಿ ಅವುಗಳನ್ನು ಬೇರೆ ಮಾಡಲು ಇದೊಂದೇ ಸಾಲದು.

## ಈ ವೃತ್ತಿಗೆ ಬರುವವರು ಕೇಳುವುದು

ಈ ಕೆಲಸಕ್ಕೆ ಬರಲು ಏನು ಓದಬೇಕು, ಎಲ್ಲಿ ಓದಬೇಕು?

ಭೂವಿಜ್ಞಾನ, ರಸಾಯನಶಾಸ್ತ್ರ, ಭೌತಶಾಸ್ತ್ರ, ಸಿವಿಲ್ ಎಂಜಿನಿಯರಿಂಗ್ ಈ ಯಾವುದರಿಂದಲೂ ಬರಬಹುದು. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ಓದಿಗೆ ಹಳೆಯ ಪರಂಪರೆಯಿದೆ. ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಗಳಿವೆ. ಸರ್ಕಾರಿ ಕೆಲಸ ಬೇಕೆನ್ನುವವರಿಗೆ ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಪರೀಕ್ಷೆಯ ಮೂಲಕ ಕೇಂದ್ರ ಅಂತರ್ಜಲ ಮಂಡಳಿಯ ದಾರಿಯಿದೆ.

ಓದಿನ ಶಾಖೆಗಿಂತ ಹೆಚ್ಚು ಬೇಕಾದದ್ದು ಅಳತೆಯ ಶಿಸ್ತು. ನಮ್ಮ ಉಪಕರಣಗಳು ಸಾವಿರದಲ್ಲಿ ಒಂದರ ಹತ್ತನೇ ಭಾಗದ ವ್ಯತ್ಯಾಸವನ್ನು ಹೇಳಬೇಕಾಗುತ್ತದೆ. ಗೊತ್ತಿರುವ ಮಾದರಿಯನ್ನು ಪ್ರತಿ ಸರಣಿಯಲ್ಲೂ ಮತ್ತೆ ಮತ್ತೆ ಅಳೆದು ನೋಡುವ ತಾಳ್ಮೆ ಇಲ್ಲದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಒಂದು ಬಾಟಲಿ ನೀರು ಹಿಡಿಯೋದಕ್ಕೆ ಒಂದು ಗಂಟೆ ಯಾಕೆ ಬೇಕು?

ಪಂಪು ಹಾಕಿದ ಕೂಡಲೆ ಬರುವುದು ಕೇಸಿಂಗಿನೊಳಗೆ ನಿಂತ ನೀರು, ಬಂಡೆಯದಲ್ಲ. ವಿದ್ಯುತ್ ವಾಹಕತೆ, ಉಷ್ಣತೆ, ಆಮ್ಲೀಯತೆ ಮೂರೂ ಒಂದೇ ಅಂಕಿಯಲ್ಲಿ ನಿಲ್ಲುವವರೆಗೆ ಕಾಯಬೇಕು. ಆಮ್ಲಜನಕ ಮತ್ತು ಜಲಜನಕದ ಅಳತೆಗೆ ಚಿಕ್ಕ ಬಾಟಲಿ ಸಾಕು, ಆದರೆ ಗಾಳಿಯ ಗುಳ್ಳೆಯೂ ಇರದಂತೆ ಬಾಯಿತನಕ ತುಂಬಿ ಬಿಗಿಯಾಗಿ ಮುಚ್ಚಬೇಕು. ಲೋಹಗಳ ಅಳತೆಯ ಮಾದರಿಯನ್ನು ಅಲ್ಲೇ ಸೋಸಿ ನೈಟ್ರಿಕ್ ಆಮ್ಲ ಹಾಕಬೇಕು, ಕ್ಷಾರೀಯತೆಯನ್ನು ಅಲ್ಲೇ ನೋಡಬೇಕು, ಟ್ರಿಟಿಯಂಗೆ ಲೀಟರುಗಟ್ಟಲೆ ನೀರು ಬೇಕು.

ನನ್ನ ಆರಂಭದ ವರ್ಷಗಳಲ್ಲಿ ಒಂದು ಏಪ್ರಿಲ್‌ನಲ್ಲಿ ಹಿಡಿದ ಬಾಟಲಿಗಳು ನಾಲ್ಕು ದಿನ ಜೀಪಿನ ಹಿಂಭಾಗದಲ್ಲೇ ಉಳಿದವು, ಕೆಲವುಗಳ ಮುಚ್ಚಳ ಸಡಿಲವಾಗಿತ್ತು. ಅಳೆದಾಗ ಆ ಬಾವಿಗಳೆಲ್ಲ ಕೆರೆಯ ನೀರಿನಂತೆ ಕಂಡವು, ಮತ್ತು ಕೆರೆಯಿಂದ ಮರುಪೂರಣವಾಗುತ್ತಿದೆ ಎಂದು ನಾನು ಕರಡು ಕೂಡ ಬರೆದಿದ್ದೆ. ಕೆರೆಗೆ ಮೇಲ್ಭಾಗದಲ್ಲಿದ್ದ ಬಾವಿಯೂ ಅದೇ ಗುರುತು ತೋರಿಸಿದಾಗ ಅನುಮಾನ ಬಂದು ಮತ್ತೆ ಹೋಗಿ ಮಾದರಿ ಹಿಡಿದೆ. ಗುರುತು ಇರಲಿಲ್ಲ, ನೀರು ಆವಿಯಾದದ್ದು ನನ್ನ ಬಾಟಲಿಯಲ್ಲಿ. ಆಮೇಲೆ ಯಾವ ವಿದ್ಯಾರ್ಥಿಯ ಮಾದರಿಯನ್ನೂ ಮುಚ್ಚಳ ತಿರುಗಿಸಿ ನೋಡದೆ ಪೆಟ್ಟಿಗೆಗೆ ಹಾಕಲು ನಾನು ಬಿಟ್ಟಿಲ್ಲ.

ಮಗಳು ಇದನ್ನು ಓದ್ತೀನಿ ಅಂತಾಳೆ, ಊರೂರು ತಿರುಗಬೇಕಾ?

ಹೌದು, ತಿರುಗಬೇಕು. ಸಂಶೋಧನೆಯ ಮೊದಲ ವರ್ಷಗಳಲ್ಲಿ ತಿಂಗಳಿಗೆ ಹಲವು ದಿನ ಹೊಲ, ತೋಟ, ಪಂಪ್‌ಹೌಸುಗಳಲ್ಲೇ ಕಳೆಯುತ್ತವೆ, ರಾತ್ರಿ ಮೂರು ಫೇಸ್ ವಿದ್ಯುತ್ ಬಂದಾಗ ಮಾದರಿ ಹಿಡಿಯಬೇಕಾದದ್ದೂ ಉಂಟು. ಅಮ್ಮಂದಿರ ಆತಂಕ ನನಗೆ ಅರ್ಥವಾಗುತ್ತದೆ. ತಂಡವಾಗಿ ಹೋಗಬೇಕು, ಆ ಊರಿನವರೊಬ್ಬರು ಜೊತೆಗಿರಬೇಕು, ಇವನ್ನು ಕೇಳಿ ಪಡೆಯುವುದು ವಿದ್ಯಾರ್ಥಿನಿಯ ಹಕ್ಕು. ಹಳ್ಳಿಯ ಹೆಂಗಸರು ಯಾವ ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಯಾವುದಕ್ಕೆ ಬೇಯುವುದಿಲ್ಲ ಎಂದು ಹೇಳಿದ ಮಾತುಗಳು ನನಗೆ ಗಡಸುತನದ ನಕ್ಷೆ ಬಿಡಿಸುವಾಗ ನೆರವಾಗಿವೆ, ಮತ್ತು ಅವರು ಆ ಮಾತನ್ನು ಆಡಿದ್ದು ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದಾಗ.

## ಸ್ವಲ್ಪ ಆಳಕ್ಕೆ

ಬಾಂಬ್ ಪರೀಕ್ಷೆಗಳ ಟ್ರಿಟಿಯಂ ಕರಗಿಹೋದ ಮೇಲೆ ಅದರ ಉಪಯೋಗವೇನು?

ವಾತಾವರಣದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ 1963ರ ಹೊತ್ತಿಗೆ ಉತ್ತರಾರ್ಧಗೋಳದ ಕೆಲವು ಕಡೆ ಮಳೆಯ ಟ್ರಿಟಿಯಂ ಸಾವಿರಾರು ಏಕಮಾನಕ್ಕೆ ಏರಿತ್ತು. ಉಷ್ಣವಲಯದಲ್ಲಿ ಅದಕ್ಕಿಂತ ಬಹಳ ಕಡಿಮೆ. ಅಲ್ಲಿಂದ ಐದು ಅರ್ಧಾಯುಗಳು ಕಳೆದಿರುವುದರಿಂದ ಆಗಿನ ನೀರಿನಲ್ಲಿ ಮೂವತ್ತೆರಡನೇ ಒಂದು ಭಾಗವಷ್ಟೇ ಉಳಿದಿದೆ, ಶಿಖರವನ್ನು ಹುಡುಕಿ ಕಾಲ ಹೇಳುವ ಹಳೆಯ ವಿಧಾನ ನಮ್ಮಲ್ಲಿ ನಡೆಯದು. ಆದರೆ ಟ್ರಿಟಿಯಂ ಕ್ಷಯಿಸಿದಾಗ ಹುಟ್ಟುವ ಹೀಲಿಯಂ-3 ಅನ್ನು ಮುಚ್ಚಿದ ತಾಮ್ರದ ಕೊಳವೆಯಲ್ಲಿ ಹಿಡಿದು ಅಳೆದರೆ, ಮಳೆಯಲ್ಲಿ ಆರಂಭದಲ್ಲಿ ಎಷ್ಟಿತ್ತು ಎಂದು ಊಹಿಸದೆಯೇ ವಯಸ್ಸು ಸಿಗುತ್ತದೆ. ಕೃತಕವಾಗಿ ಸೇರಿಸುವ ವಿಧಾನವೂ ಇದೆ. ಮಳೆಗಾಲಕ್ಕೆ ಮುನ್ನ ಬೇರಿನ ವಲಯದ ಕೆಳಗೆ ಸ್ವಲ್ಪ ಟ್ರಿಟಿಯಂ ನೀರನ್ನು ಸೇರಿಸಿ, ಮಳೆಗಾಲದ ನಂತರ ಮಣ್ಣನ್ನು ಪದರಪದರವಾಗಿ ತೆಗೆದು ಅದು ಎಷ್ಟು ಇಳಿದಿದೆ ಎಂದು ನೋಡುತ್ತಾರೆ. ಹೈದರಾಬಾದಿನ ಭೂಭೌತ ಸಂಸ್ಥೆ ಈ ವಿಧಾನದಿಂದ ದೇಶದ ಅನೇಕ ಜಲಾನಯನಗಳ ಮರುಪೂರಣವನ್ನು ಅಳೆದಿದೆ. ಗ್ರಾನೈಟ್ ನಾಡಿನಲ್ಲಿ ಅದು ಸಾಮಾನ್ಯವಾಗಿ ಮಳೆಯ ಹತ್ತನೇ ಒಂದು ಭಾಗದ ಆಸುಪಾಸು.

ನಮ್ಮ ಬಂಡೆ ಪ್ರದೇಶದಲ್ಲಿ ಕಾರ್ಬನ್-14 ವಯಸ್ಸನ್ನು ಎಷ್ಟು ನಂಬಬಹುದು?

ಪ್ರಕಟವಾದ ಅಂಕಿಯನ್ನು ವರ್ಷವೆಂದು ಓದದೆ, ಹೆಚ್ಚೆಂದರೆ ಒಂದು ಸೂಚನೆಯೆಂದು ಓದಬೇಕು. ಮಣ್ಣಿನಲ್ಲಿರುವ ಸುಣ್ಣದ ಗಂಟುಗಳು ಕರಗಿದರೆ ಕಾರ್ಬನ್-14 ಇಲ್ಲದ ಹಳೆಯ ಇಂಗಾಲ ನೀರಿಗೆ ಸೇರಿ ನೀರು ಇರುವುದಕ್ಕಿಂತ ಹಳೆಯದಾಗಿ ಕಾಣುತ್ತದೆ. ಕಾರ್ಬನ್-13 ಅಳೆದು ಇದನ್ನು ತಿದ್ದಬಹುದು. ತಿದ್ದಲಾಗದ ತೊಡಕು ಬೆರಕೆಯದು. ನಮ್ಮ ಕೊಳವೆಬಾವಿಗಳಲ್ಲಿ ಕೇಸಿಂಗ್ ಮೇಲಿನ ಸಡಿಲ ಮಣ್ಣಿನವರೆಗೆ ಮಾತ್ರ. ಅದರ ಕೆಳಗೆ ಇರುವ ಎಲ್ಲ ಬಿರುಕುಗಳೂ ಒಂದೇ ರಂಧ್ರಕ್ಕೆ ತೆರೆದುಕೊಂಡಿರುತ್ತವೆ. ನೂರೈವತ್ತು ಅಡಿಯ ಎಳೆಯ ನೀರೂ ಎಂಟುನೂರು ಅಡಿಯ ಹಳೆಯ ನೀರೂ ಕೂಡಿ ಬಂದಾಗ ಸಿಗುವ ಸರಾಸರಿ ವಯಸ್ಸು ಅವೆರಡರಲ್ಲಿ ಯಾವುದರದೂ ಅಲ್ಲ. ಒಂದೇ ಮಾದರಿಯಲ್ಲಿ ಟ್ರಿಟಿಯಂ ಸ್ಪಷ್ಟವಾಗಿ ಇದ್ದು ಕಾರ್ಬನ್ ಸಾವಿರಾರು ವರ್ಷ ಎಂದರೆ ಅದು ಬೆರಕೆಯ ನೇರ ಸಾಕ್ಷಿ. ಅಂಥ ಬಾವಿಯಲ್ಲಿ ಬರದ ವರ್ಷ ಮೇಲಿನ ಬಿರುಕು ಒಣಗಿ, ಬರುವ ನೀರಿನ ಫ್ಲೋರೈಡ್ ಏರುವ ಸಾಧ್ಯತೆ ಇರುವುದರಿಂದ ಆ ಫಲಿತಾಂಶವನ್ನು ಬದಿಗಿಡಬಾರದು.

ಲಕ್ಷಾಂತರ ವರ್ಷ ಹಳೆಯ ನೀರೂ ಇದೆಯಂತೆ, ಅದನ್ನು ಅಳೆಯುವುದು ಹೇಗೆ?

ಕ್ರಿಪ್ಟಾನ್-81ರ ಅರ್ಧಾಯು ಸುಮಾರು 2,29,000 ವರ್ಷ. ಅದು ಜಡ ಅನಿಲವಾದ್ದರಿಂದ ಬಂಡೆಯೊಂದಿಗೆ ವರ್ತಿಸುವುದಿಲ್ಲ. ಅದರ ತೊಡಕೆಂದರೆ ಒಂದು ಲೀಟರ್ ನೀರಿನಲ್ಲಿ ಸಾವಿರದ ಆಸುಪಾಸಿನಷ್ಟೇ ಪರಮಾಣುಗಳಿರುವುದು. ಲೇಸರಿನಿಂದ ಆ ಪರಮಾಣುಗಳನ್ನು ಒಂದೊಂದಾಗಿ ಹಿಡಿದು ಎಣಿಸುವ ವಿಧಾನ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ 1999ರಲ್ಲಿ ರೂಪುಗೊಂಡಿತು. 2004ರಲ್ಲಿ ಅದನ್ನು ಈಜಿಪ್ಟಿನ ಪಶ್ಚಿಮ ಮರುಭೂಮಿಯ ನ್ಯೂಬಿಯನ್ ಮರಳುಗಲ್ಲಿನ ನೀರಿಗೆ ಅನ್ವಯಿಸಿದಾಗ ಸುಮಾರು 2 ಲಕ್ಷದಿಂದ 10 ಲಕ್ಷ ವರ್ಷಗಳ ವಯಸ್ಸು ದೊರೆಯಿತು. ಅದು ಸಾವಿರಾರು ಕಿಲೋಮೀಟರ್ ಹರಡಿದ ಮರಳುಗಲ್ಲು. ನಮ್ಮ ಬಿರುಕು ಬಂಡೆಗಳಲ್ಲಿ ಅಂಥ ವಿಶಾಲ ನೀರಿನ ಸಂಗ್ರಹವಿಲ್ಲ.

ನೀರು ಯಾವ ಬಂಡೆಯ ಮೂಲಕ ಹರಿದು ಬಂತು ಅಂತಲೂ ಹೇಳಬಹುದೇ?

ಸ್ಟ್ರಾನ್ಷಿಯಂ ಅದಕ್ಕೆ ನೆರವಾಗುತ್ತದೆ. ರುಬಿಡಿಯಂ-87 ಅತಿ ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ರಾಮನಗರದ ಬೆಟ್ಟಗಳನ್ನು ಒಳಗೊಂಡ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಅದರ ಸುತ್ತಲಿನ ನೈಸ್ ಬಂಡೆಯ ಕೆಲವು ಭಾಗಗಳಿಗೆ 300 ಕೋಟಿಗಿಂತ ಹೆಚ್ಚು. ಇಷ್ಟು ಹಳೆಯ ಬಂಡೆಯಲ್ಲಿ ರುಬಿಡಿಯಂ ತುಂಬಿದ ಬಯೋಟೈಟಿನಲ್ಲಿ ಸ್ಟ್ರಾನ್ಷಿಯಂ-87ರ ಪಾಲು ಬಹಳ ಹೆಚ್ಚಿರುತ್ತದೆ, ಅದೇ ಬಂಡೆಯ ಪ್ಲೇಜಿಯೋಕ್ಲೇಸ್ ಎಂಬ ಇನ್ನೊಂದು ಖನಿಜದಲ್ಲಿ ಕಡಿಮೆ. ಆದ್ದರಿಂದ ನೀರಿನ ಸ್ಟ್ರಾನ್ಷಿಯಂ ಅನುಪಾತ ನೋಡಿ ಯಾವ ಖನಿಜ ಹೆಚ್ಚು ಕರಗಿದೆ ಎಂದು ಅಂದಾಜು ಮಾಡಬಹುದು. ಬಯೋಟೈಟೇ ಫ್ಲೋರೈಡಿನ ಒಂದು ಮೂಲವೂ ಆಗಿರುವುದರಿಂದ, ಫ್ಲೋರೈಡ್ ಹೆಚ್ಚಿರುವ ಬಾವಿಗಳಲ್ಲಿ ನಾನು ಈಗ ಸ್ಟ್ರಾನ್ಷಿಯಂ ಅಳತೆಯನ್ನು ತಪ್ಪದೆ ಸೇರಿಸುತ್ತೇನೆ.